ಹತ್ತು ಸಾವಿರ ಬಂದೂಕಿನ ಗುತ್ತಿಗೆ



ಈ ಸಲ ನಾನು ಅಮೆರಿಕದ ಎಲಿ ವಿಟ್ನಿಯವರ ಜೀವನ ಬರೆದಿದ್ದೇನೆ. ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ ಯಂತ್ರ ಮಾಡಿದವರು ಅಂತ ಅವರ ಹೆಸರು ಎಲ್ಲರಿಗೂ ಗೊತ್ತು. ಬಂದೂಕಿನ ಕಥೆ ಬಹಳ ಜನಕ್ಕೆ ಗೊತ್ತಿಲ್ಲ.

ವಿಟ್ನಿಯವರು ಹುಟ್ಟಿದ್ದು 1765ರ ಡಿಸೆಂಬರ್ 8ರಂದು, ಮ್ಯಾಸಚೂಸೆಟ್ಸ್‌ನ ರೈತರ ಮನೆಯಲ್ಲಿ. ಹುಡುಗರಿದ್ದಾಗಲೇ ಮೊಳೆ ತಯಾರಿಸಿ ಮಾರುತ್ತಿದ್ದರು. 1794ರಲ್ಲಿ ಜಿನ್ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಕಂಡಕಂಡವರು ಅದನ್ನು ನಕಲು ಮಾಡಿಬಿಟ್ಟರು. ಕೋರ್ಟಿಗೆ ಅಲೆದು ಅವರಿಗೆ ಉಳಿದದ್ದು ಸಾಲ.

1798ರಲ್ಲಿ ಅಮೆರಿಕಕ್ಕೆ ಫ್ರಾನ್ಸ್ ಜೊತೆ ಯುದ್ಧವಾಗುವ ಭಯ ಬಂತು. ಸರ್ಕಾರಿ ಕಾರ್ಖಾನೆಯ ಬಂದೂಕು ಸಾಲದು ಅಂತ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ಖಾಸಗಿಯವರಿಗೆ ಗುತ್ತಿಗೆ ಹಂಚಿತು. ಎಲ್ಲಕ್ಕಿಂತ ದೊಡ್ಡದು ಸಿಕ್ಕಿದ್ದು ವಿಟ್ನಿಯವರಿಗೆ. ಎರಡು ವರ್ಷದಲ್ಲಿ 10,000 ಬಂದೂಕು, ಬೆಲೆ 1,34,000 ಡಾಲರ್. ವಿಚಿತ್ರ ನೋಡಿ, ಅವರು ಅಲ್ಲಿಯವರೆಗೆ ಒಂದು ಬಂದೂಕೂ ಮಾಡಿದವರಲ್ಲ!

ಹಾಗಾದರೆ ಕೊಟ್ಟದ್ದು ಯಾಕೆ? ಆಗ ಬಂದೂಕಿನ ಒಂದೊಂದು ಭಾಗವನ್ನೂ ಕಸುಬುದಾರರು ಅರ ಹಾಕಿ ಕೂರಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಂತ್ರದಿಂದ ಎಲ್ಲ ಭಾಗವನ್ನೂ ಒಂದೇ ಅಳತೆಗೆ ಮಾಡುತ್ತೇನೆ ಎಂದು ವಿಟ್ನಿಯವರು ಮಾತು ಕೊಟ್ಟರು. ಸೈಕಲ್ ಚೈನು ಹೋದರೆ ಅಂಗಡಿಯಿಂದ ಬೇರೆ ತಂದು ಹಾಕ್ತೀವಲ್ಲ, ಹಾಗೆ.

ಗಡುವು ಮುಗಿದರೂ ಬಂದೂಕು ಬರಲಿಲ್ಲ. 1801ರಲ್ಲಿ ವಾಷಿಂಗ್ಟನ್‌ಗೆ ಹೋಗಿ ದೊಡ್ಡವರ ಮುಂದೆ ಬಿಡಿಭಾಗ ಜೋಡಿಸಿ ತೋರಿಸಿದರು. ಸರ್ಕಾರ ನಂಬಿ ಕಾಯಿತು. ಪೂರ್ತಿ 10,000 ಮುಗಿದದ್ದು 1809ರಲ್ಲಿ. ಉಳಿದ ಗುತ್ತಿಗೆದಾರರಲ್ಲೂ ಹಲವರು ತಡಮಾಡಿದರು, ಕೆಲವರು ಸೋತರು. 1812ರಲ್ಲಿ ವಿಟ್ನಿಯವರಿಗೆ ಇನ್ನೂ 15,000ದ ಗುತ್ತಿಗೆ ಸಿಕ್ಕಿತು. 1825ರ ಜನವರಿ 8ರಂದು ತೀರಿಕೊಂಡರು.

ಆಮೇಲೆ ವಿದ್ವಾಂಸರು ಅವರ ಹಳೆ ಬಂದೂಕು ಬಿಚ್ಚಿ ನೋಡಿದರೆ, ಭಾಗಗಳು ಒಂದಕ್ಕೊಂದು ಹೊಂದಲೇ ಇಲ್ಲ! ಆ ಕೆಲಸ ಸಾಧಿಸಿದವರು ಜಾನ್ ಹಾಲ್. ಹಾರ್ಪರ್ಸ್ ಫೆರಿಯಲ್ಲಿ ಅವರು ಮಾಡಿದ ರೈಫಲ್‌ಗಳ ಭಾಗ ಕಲಸಿ ಮತ್ತೆ ಜೋಡಿಸಿದರೂ ಸರಿಯಾಗಿ ಕೂತವು. 1828ರಲ್ಲಿ ಸಿಮಿಯನ್ ನಾರ್ತ್ ಅವರಿಗೆ 5,000 ರೈಫಲ್ ಗುತ್ತಿಗೆ ಕೊಟ್ಟಾಗ, ಹಾಲ್ ಅವರ ರೈಫಲ್‌ಗೂ ಭಾಗ ಹೊಂದಬೇಕು ಎಂಬ ಷರತ್ತಿತ್ತು. ನಾರ್ತ್ ಅದನ್ನೂ ಮಾಡಿ ತೋರಿಸಿದರು.

ನನಗನಿಸೋದು ಇಷ್ಟೇ. ವಿಟ್ನಿಯವರು ದೊಡ್ಡ ಆಸೆ ಹುಟ್ಟಿಸಿದರು, ಅದೂ ಬೇಕು. ಆದರೆ ಕೊಟ್ಟ ಮಾತನ್ನು ನಿಜ ಮಾಡಿದವರು ಬೇರೆಯವರು. ವಿಟ್ನಿಯವರ ಹೆಸರು ಹೇಳುವಾಗ ಹಾಲ್ ಮತ್ತು ನಾರ್ತ್ ಅವರ ಹೆಸರನ್ನೂ ಹೇಳೋಣ.