ಮಕ್ಕಳ ನಾಲಗೆಗೆ ಹಾಡನ್ನಿತ್ತ ಜಿ. ಪಿ. ರಾಜರತ್ನಂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಬಂಡೆಬೆಟ್ಟಗಳ ಮಡಿಲಿನಲ್ಲಿರುವ ರಾಮನಗರವನ್ನು ಹಿಂದಿನ ಸರ್ಕಾರಿ ಕಾಗದಪತ್ರಗಳು ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಡಿಸೆಂಬರ್ ೫ರಂದು, ಆ ಊರಿನಲ್ಲಿ ಜನಿಸಿದ ಬಾಲಕನೊಬ್ಬನು ಮುಂದೆ ಕನ್ನಡ ನಾಡಿನ ಶಾಲೆಶಾಲೆಯ ಮಕ್ಕಳ ಬಾಯಲ್ಲಿ ಹಾಡಾಗಿ ಉಳಿದನು. ಮರದ ಬಣ್ಣದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣವು ಅಲ್ಲಿಂದ ಕೂಗಳತೆಯ ದೂರ. ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುವ ಕುಶಲಿಗಳೂ ಅಲ್ಲಿದ್ದರೆಂದು ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ ಬರೆದಿಟ್ಟಿದ್ದಾನೆ. ಆಟಿಕೆಯನ್ನೂ ಸ್ವರವನ್ನೂ ಒಂದೇ ಪದ್ಯದಲ್ಲಿ ಕೂಡಿಸಿದ ಕವಿಗೆ ಇಂಥ ಸೀಮೆಯೇ ಜನ್ಮಭೂಮಿಯಾದುದು ಒಪ್ಪುವ ಮಾತು.

ಗುಂಡ್ಲು ಪಂಡಿತರೆಂಬುದು ಅವರ ಮನೆತನದ ಹೆಸರು, ಜಿ. ಪಿ. ಎಂಬ ಅಕ್ಷರಗಳು ಅದರಿಂದಲೇ ಬಂದವು. ತಂದೆ ಗೋಪಾಲಕೃಷ್ಣ ಅಯ್ಯಂಗಾರ್ಯರು ಉಪಾಧ್ಯಾಯರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವಿಗೆ ಅಜ್ಜಿಯ ಮಡಿಲೇ ತೊಟ್ಟಿಲಾಯಿತು. ಹುಟ್ಟಿದಾಗ ಇಟ್ಟ ಹೆಸರು ರಾಜಯ್ಯಂಗಾರ್. ಲೋಯರ್ ಸೆಕೆಂಡರಿ ಪರೀಕ್ಷೆಗೆ ಕಟ್ಟುವಾಗ ಹುಡುಗನು ಶಾಲೆಯ ಗುಮಾಸ್ತರನ್ನು ಕಾಡಿ ಬೇಡಿ ಅದನ್ನು ರಾಜರತ್ನಂ ಎಂದು ಬದಲಾಯಿಸಿಕೊಂಡನು. ತನಗೆ ಬೇಕಾದ ಮಾತನ್ನು ತಾನೇ ಕಟ್ಟಿಕೊಳ್ಳುವ ಸ್ವಭಾವಕ್ಕೆ ಇದನ್ನು ಮೊದಲ ನಿದರ್ಶನವೆನ್ನಬಹುದು.

೧೯೩೧ರಲ್ಲಿ ಕನ್ನಡ ಎಂ.ಎ. ಪದವಿ ಕೈಸೇರಿತು, ಅನ್ನದ ದಾರಿ ಮಾತ್ರ ತೆರೆಯಲಿಲ್ಲ. ಕನ್ನಡದಲ್ಲಿ ಎಂ.ಎ. ಮಾಡಿದವರಿಗೆ ಆ ದಿನಗಳಲ್ಲಿ ಉದ್ಯೋಗವೆಂಬುದು ಮರೀಚಿಕೆಯೇ ಆಗಿದ್ದಿತು. ಆ ಬವಣೆಯ ನಡುವೆ ಕೆಲವು ಕಾಲ ತಂದೆಯವರ ಬದಲಿಗೆ ಶಿಶುವಿಹಾರದಲ್ಲಿಯೂ ಪ್ರಾಥಮಿಕ ಶಾಲೆಯಲ್ಲಿಯೂ ಪಾಠ ಹೇಳುವ ಹೊಣೆ ಅವರ ಪಾಲಿಗೆ ಬಂದಿತು. ಉನ್ನತ ಪದವೀಧರನೊಬ್ಬನು ಇದನ್ನು ತನ್ನ ಅಂತಸ್ತಿಗೆ ಕಡಮೆಯೆಂದು ಬಗೆಯಬಹುದಾಗಿತ್ತು. ಆದರೆ ಕನ್ನಡಕ್ಕೆ ದೊರೆತ ಒಂದು ಭಾಗ್ಯ ಆ ಬದಲಿ ಕೆಲಸದಿಂದಲೇ ಹುಟ್ಟಿತು.

ಮಕ್ಕಳ ಮುಂದೆ ನಿಂತು ಪಠ್ಯಪುಸ್ತಕವನ್ನು ತೆರೆದಾಗ ಅದರಲ್ಲಿದ್ದ ಪದ್ಯಗಳು ಅವರಿಗೆ ಸರಿಕಾಣಲಿಲ್ಲ. ದೊಡ್ಡವರು ದೊಡ್ಡವರಿಗಾಗಿ ಕಟ್ಟಿದ ಮಾತನ್ನು ಚಿಕ್ಕವರು ಬಾಯಿಪಾಠ ಮಾಡಿ ಒಪ್ಪಿಸಬೇಕು; ಅರ್ಥವೂ ಇಲ್ಲ, ಆಟವೂ ಇಲ್ಲ. ದಕ್ಷಿಣ ಕನ್ನಡದಲ್ಲಿ ಪಂಜೆ ಮಂಗೇಶರಾಯರು ಆಗಲೇ ಈ ಕೊರತೆಯನ್ನು ಕಂಡು ಮಕ್ಕಳಿಗಾಗಿ ಹಾಡು ಕಟ್ಟಿದ್ದರು. ಅದೇ ದಾರಿಯಲ್ಲಿ ರಾಜರತ್ನಂ ಲೇಖನಿ ಹಿಡಿದರು. ಎದುರಿನಲ್ಲಿಯೇ ಕುಳಿತಿದ್ದ ಮಕ್ಕಳಿಗಿಂತ ಉತ್ತಮ ಪರೀಕ್ಷಕರು ಯಾವ ಕವಿಗೆ ದೊರೆತಾರು? ಪದ್ಯ ನಾಲಗೆಗೆ ಒಗ್ಗದಿದ್ದರೆ ಮಗು ಅದನ್ನು ಮರುದಿನವೇ ಮರೆಯುತ್ತದೆ. ಒಗ್ಗಿದರೆ ಬೀದಿಯಲ್ಲಿ ಹಾಡಿಕೊಂಡು ಮನೆಗೆ ಹೋಗುತ್ತದೆ.

'ತುತ್ತೂರಿ' ಎಂಬ ಶಿಶುಗೀತೆಗಳ ಸಂಕಲನವು ಹೀಗೆ ಹೊರಬಂದಿತು. ಆ ಹೆಸರಿನ ಪದ್ಯವನ್ನು ಅರಿಯದ ಕನ್ನಡಿಗರು ವಿರಳ. ಕಸ್ತೂರಿಯೆಂಬ ಬಾಲಕ ತಗಡಿನ ತುತ್ತೂರಿಯೊಂದನ್ನು ಕೊಳ್ಳುತ್ತಾನೆ, ಊದುತ್ತಾನೆ, ಬೀಗುತ್ತಾನೆ. ಅದು ನೀರಿಗೆ ಬಿದ್ದು ಬಣ್ಣವೂ ನಾದವೂ ಕೆಡುತ್ತವೆ. ಇಷ್ಟೇ ಕಥೆ. ಅದರ ಕಟ್ಟಡವನ್ನು ಮಾತ್ರ ಉಪಾಧ್ಯಾಯರು ಗಮನಿಸಬೇಕು. ನಾಲ್ಕು ನಾಲ್ಕು ಮಾತ್ರೆಗಳ ನಡಿಗೆಯಾದುದರಿಂದ ಚಪ್ಪಾಳೆ ತಾನಾಗಿ ಬೀಳುತ್ತದೆ. ಸಾಲಿನ ಕೊನೆಯ ಪ್ರಾಸವು ಮುಂದಿನ ಸಾಲನ್ನು ನೆನಪಿಗೆ ತರುತ್ತದೆ. ಸಪ್ತಸ್ವರಗಳ ಹೆಸರು ಹಾಡಿನೊಳಗೇ ಬರುವುದರಿಂದ ಸಂಗೀತದ ಮೊದಲ ಪಾಠವೂ ಅಲ್ಲಿಯೇ ಆಗಿಹೋಗುತ್ತದೆ. ನೀತಿಯನ್ನು ಕವಿ ಬೇರೆ ನಿಂತು ಹೇಳಲು ಹೋಗುವುದಿಲ್ಲ. ಬೀಗಿದವನ ತುತ್ತೂರಿಯ ಗತಿಯನ್ನು ಕಂಡು ಮಕ್ಕಳು ನಗುತ್ತಾರೆ, ಅಷ್ಟರಲ್ಲಿ ನೀತಿಯೂ ಒಳಗೆ ಇಳಿದಿರುತ್ತದೆ. ರಾಗಜ್ಞಾನವಿಲ್ಲದ ಹಳ್ಳಿಯ ಮೇಷ್ಟರೂ ಇದನ್ನು ಅಭಿನಯಸಹಿತ ಹಾಡಿಸಬಲ್ಲರು. 'ಕಡಲೆಪುರಿ', 'ಚುಟುಕ', 'ಗುಲಗಂಜಿ' ಮೊದಲಾದ ಸಂಕಲನಗಳು ಇದೇ ಜಾಡಿನಲ್ಲಿ ಬಂದವು. ಪುಸ್ತಕಗಳ ಹೆಸರುಗಳೇ ಮಕ್ಕಳ ಜೇಬಿನಿಂದ ತೆಗೆದಂತಿವೆ!

ಇದೇ ಕೈ 'ರತ್ನನ ಪದಗಳು' ಎಂಬ ಕೃತಿಯನ್ನೂ ಬರೆಯಿತು. ಮದ್ಯವನ್ನು ಮುಟ್ಟದ ಈ ಮನುಷ್ಯ ಹೆಂಡಕುಡುಕನ ಬಾಯಲ್ಲಿ, ಅವನ ಆಡುನುಡಿಯಲ್ಲಿಯೇ, ಬದುಕಿನ ಹಿರಿಯ ಮಾತುಗಳನ್ನು ಆಡಿಸಿದರು. ಶಿಷ್ಟರು ಹುಬ್ಬು ಗಂಟಿಕ್ಕಬಹುದಾದ ವಸ್ತು. ಆದರೆ ಮಗುವಿನ ಮಾತಿಗೆ ಮನ್ನಣೆ ಕೊಟ್ಟವರು ಕೂಲಿಯವನ ಮಾತಿಗೂ ಮನ್ನಣೆ ಕೊಟ್ಟುದರಲ್ಲಿ ಅಚ್ಚರಿಯೇನು? ಪಿ. ಕಾಳಿಂಗರಾಯರ ಕಂಠದಲ್ಲಿಯೂ ಮುಂದೆ ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿಯೂ ಆ ಪದಗಳು ಅಕ್ಷರವರಿಯದವರನ್ನೂ ಮುಟ್ಟಿದವು. ಮಾಸ್ತಿಯವರ ಸಲಹೆಯಂತೆ ಪಾಲಿಭಾಷೆಯ ಬೌದ್ಧ ವಾಙ್ಮಯದಲ್ಲಿ ಅವರು ನಡೆಸಿದ ವ್ಯಾಸಂಗ, 'ಚೀನಾದೇಶದ ಬೌದ್ಧ ಯಾತ್ರಿಕರು' ಮೊದಲಾದ ಗ್ರಂಥಗಳು, ಜೈನಸಾಹಿತ್ಯದ ಪರಿಶ್ರಮ, ಇವೆಲ್ಲವೂ ಬೇರೆಯೇ ಲೇಖನಕ್ಕೆ ಯೋಗ್ಯವಾದವು.

೧೯೩೮ರಲ್ಲಿ ಕನ್ನಡ ಪಂಡಿತರಾಗಿ ಕೆಲಸ ದೊರೆತ ಮೇಲೆ ಅವರು ನಾಡಿನ ಹಲವು ಕಾಲೇಜುಗಳಲ್ಲಿ ಪಾಠ ಹೇಳಿದರು. ಆದರೆ ಅವರ ಹೆಸರು ಬೆಸೆದುಕೊಂಡಿರುವುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದೊಂದಿಗೆ. ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಸಂಘವದು. ರಾಜರತ್ನಂ ಅದನ್ನು ವಿದ್ಯಾರ್ಥಿಗಳ ಬರವಣಿಗೆಯ ಕಮ್ಮಟವನ್ನಾಗಿ ಮಾಡಿದರು. ಎಳೆಯರಿಂದ ಕವಿತೆ ಬರೆಸುವುದು, ಸ್ಪರ್ಧೆ ಏರ್ಪಡಿಸುವುದು, ವೇದಿಕೆಯ ಮೇಲೆ ನಿಲ್ಲಿಸಿ ಓದಿಸುವುದು, ಬಳಿಕ ಅದನ್ನು ಅಚ್ಚು ಹಾಕಿಸಿ ಪುಸ್ತಕವನ್ನು ಮಾರುವುದು, ಎಲ್ಲಕ್ಕೂ ಅವರೇ ಮುಂದಾಳು. ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡನ್ನು ಕಟ್ಟಿಕೊಟ್ಟವರು ಇಲ್ಲಿ ಹುಡುಗರೇ ಕಟ್ಟುವಂತೆ ಮಾಡಿದರು. ಎರಡನೆಯದು ಹೆಚ್ಚು ಕಷ್ಟದ ಕೆಲಸ. ತಮ್ಮ ಬರವಣಿಗೆಗೆ ಸಲ್ಲಬೇಕಾಗಿದ್ದ ಹೊತ್ತು ಹುಡುಗರ ಕರಡು ತಿದ್ದುವುದಕ್ಕೆ ಸಂದಿತು. ಆ ನಷ್ಟವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ತಮ್ಮನ್ನು ಸಾಹಿತ್ಯ ಪರಿಚಾರಕನೆಂದೇ ಕರೆದುಕೊಂಡರು.

ದೇವನಹಳ್ಳಿಯಿಂದ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಅವರ ಶಿಷ್ಯರಾದವರಲ್ಲಿ ಕೆ. ಎಸ್. ನಿಸಾರ್ ಅಹಮದ್ ಒಬ್ಬರು. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ೧೯೭೮ರಲ್ಲಿ ಹೊರಬಂದು ಮನೆಮನೆಗೆ ಮುಟ್ಟಿತು. ಗುರುವಿನ ಪದಗಳನ್ನು ಹಾಡಿದ ಗಾಯಕರೇ ಶಿಷ್ಯನ ಪದಗಳಿಗೂ ದನಿಯಾದರು.

ಅದೇ ವರ್ಷ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ರಾಜರತ್ನಂ ಅವರಿಗೆ ಸಂದಿತು. ರಾಷ್ಟ್ರದ ರಾಜಧಾನಿಯಲ್ಲಿ ಕನ್ನಡದ ಪರವಾಗಿ ನಿಂತು ಮಾತನಾಡಿದವರು ಶಿಶುವಿಹಾರದ ಹಳೆಯ ಬದಲಿ ಮೇಷ್ಟರೇ ಆಗಿದ್ದರು. ಆ ಬಳಿಕ ಅವರು ಹೆಚ್ಚು ಕಾಲ ಉಳಿಯಲಿಲ್ಲ. ೧೯೭೯ರ ಮಾರ್ಚಿಯಲ್ಲಿ ಕಾಲವಾದರು.