ಸರಾಸರಿ ಮನುಷ್ಯನನ್ನು ಹುಡುಕಿದ ಕೆಟ್ಲೆ

ಈ ವರ್ಷ ನಮ್ಮ ತರಗತಿಯವರಿಗೆ ದೈಹಿಕ ಸಾಮರ್ಥ್ಯ ಪರೀಕ್ಷೆ ನಡೆಯಿತು. ಎತ್ತರ, ತೂಕ ಅಳೆದರು. 50 ಮೀಟರ್, 600 ಮೀಟರ್ ಓಡಿಸಿದರು. ಕುಳಿತು ಮುಂದಕ್ಕೆ ಬಾಗುವುದು, ದಂಡ ಹೊಡೆಯುವುದು ಎಲ್ಲ ಆಯಿತು. ಮರುದಿನ ಚೀಟಿ ಕೈಗೆ ಬಂದಾಗ ಎಲ್ಲರೂ ಮೊದಲು ನೋಡಿದ್ದು ಒಂದೇ ಅಂಕಿ: ಬಿಎಂಐ. ನನ್ನದು 17.8. ಪಕ್ಕದಲ್ಲಿ ಕಡಿಮೆ ತೂಕ ಎಂದು ಬರೆದಿತ್ತು. ಬೈಲಹೊಂಗಲ ಕಡೆಯ ಹಳ್ಳಿಯಿಂದ ಬರುವ ನನ್ನ ಗೆಳೆಯ ಗರಡಿಯಲ್ಲಿ ಕುಸ್ತಿ ಕಲಿಯುತ್ತಾನೆ. ಅವನದು 27, ಹೆಚ್ಚು ತೂಕ. 600 ಮೀಟರ್ ಓಟದಲ್ಲಿ ಮೊದಲು ಬಂದವನು ಅವನೇ. ಆದರೂ ಅಂದಿನಿಂದ ಎರಡು ವಾರ ಬುತ್ತಿಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅವನಿಗೆ ಸೈನ್ಯ ಸೇರುವ ಆಸೆ, ಆ ಅಂಕಿಗೆ ಹೆದರಿದ್ದ.

ಇಷ್ಟು ಹೆದರಿಸುವ ಲೆಕ್ಕ ಯಾರದು ಎಂದು ಹುಡುಕಿದೆ. ಸಿಕ್ಕವರು ವೈದ್ಯರಲ್ಲ, ವ್ಯಾಯಾಮ ಶಿಕ್ಷಕರೂ ಅಲ್ಲ. ಅವರು ಗಣಿತಜ್ಞ ಮತ್ತು ಖಗೋಳ ವಿಜ್ಞಾನಿ ಅಡಾಲ್ಫ್ ಕೆಟ್ಲೆ.

ಕೆಟ್ಲೆ 1796ರ ಫೆಬ್ರವರಿ 22ರಂದು ಈಗಿನ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಹುಟ್ಟಿದರು. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. 19ನೇ ವಯಸ್ಸಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. 1819ರಲ್ಲಿ ಗೆಂಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬ್ರಸೆಲ್ಸ್‌ಗೆ ಹೋದರು. ಅಲ್ಲೊಂದು ಖಗೋಳ ವೀಕ್ಷಣಾಲಯ ಕಟ್ಟಿಸಬೇಕೆಂಬುದು ಅವರ ಹಂಬಲವಾಗಿತ್ತು. ಅದಕ್ಕೆ ಬೇಕಾದ ಉಪಕರಣಗಳ ಬಗ್ಗೆ ತಿಳಿಯಲು ಪ್ಯಾರಿಸ್‌ಗೆ ಹೋದವರು ಸಂಭವನೀಯತೆಯ ಗಣಿತವನ್ನೂ ಕಲಿತು ಬಂದರು.

ಖಗೋಳ ವಿಜ್ಞಾನಿಗಳು ಒಂದೇ ನಕ್ಷತ್ರದ ಸ್ಥಾನವನ್ನು ಹಲವು ಸಲ ಅಳೆಯುತ್ತಾರೆ. ಪ್ರತಿ ಅಳತೆಯಲ್ಲೂ ಸಣ್ಣ ತಪ್ಪಿರುತ್ತದೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ನಿಜಕ್ಕೆ ಹತ್ತಿರವಾಗುತ್ತದೆ. ಕೆಟ್ಲೆ ಇದೇ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿ ನೋಡಿದರು. ಜನನ, ಮರಣ, ಎತ್ತರ, ತೂಕ, ಅಪರಾಧ, ಹೀಗೆ ಸಿಕ್ಕ ಅಂಕಿಗಳನ್ನೆಲ್ಲ ಕೂಡಿಹಾಕಿದರು. 1835ರಲ್ಲಿ ಬಂದ ಅವರ ಪುಸ್ತಕ ಸರಾಸರಿ ಮನುಷ್ಯ ಎಂಬ ಕಲ್ಪನೆಯನ್ನು ಜಗತ್ತಿಗೆ ಕೊಟ್ಟಿತು. ಬೆಳೆದು ನಿಂತವರಲ್ಲಿ ತೂಕವು ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ನಮ್ಮ ಚೀಟಿಯ ಸೂತ್ರ ಇದೇ. ಕಿಲೋ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಬೇಕು. ನನ್ನ 48 ಕಿಲೋವನ್ನು 1.64ರಿಂದ ಎರಡು ಸಲ ಭಾಗಿಸಿದರೆ 17.8.

ಸೈನ್ಯದ ಭರತಿಯಲ್ಲಿ ಇಂದಿಗೂ ಎದೆಗೆ ಟೇಪು ಹಿಡಿಯುತ್ತಾರೆ. ಕೆಟ್ಲೆ ಕೂಡ 5,738 ಸ್ಕಾಟಿಷ್ ಸೈನಿಕರ ಎದೆಯ ಅಳತೆಗಳನ್ನು ಜೋಡಿಸಿ ನೋಡಿದರು. ಹೆಚ್ಚಿನವರು 40 ಇಂಚಿನ ಆಸುಪಾಸು ಇದ್ದರು. ಎರಡೂ ಕಡೆ ಹೋದಂತೆ ಸಂಖ್ಯೆ ಇಳಿಯಿತು. ಗಂಟೆಯ ಆಕಾರದ ರೇಖೆ ಮೂಡಿತು. ನಡುವಿನವನೇ ಆದರ್ಶ, ಉಳಿದವರು ಪ್ರಕೃತಿ ತುಸು ಗುರಿ ತಪ್ಪಿ ಮಾಡಿದವರು ಎಂದು ಅವರು ತಿಳಿದರು. ಇಲ್ಲಿ ಮಾತ್ರ ನಾನು ಅವರನ್ನು ಒಪ್ಪುವುದಿಲ್ಲ. ಆ ಪಟ್ಟಿಯಲ್ಲಿ 33 ಇಂಚಿನವರೂ ಇದ್ದರು, 48 ಇಂಚಿನವರೂ ಇದ್ದರು. ಅವರೆಲ್ಲರೂ ಸೈನಿಕರೇ.

1853ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೆಯಲು ಕೆಟ್ಲೆಯವರೇ ಮುಖ್ಯ ಕಾರಣ. ಎರಡು ವರ್ಷದ ನಂತರ ಅವರಿಗೆ ಪಾರ್ಶ್ವವಾಯು ಬಡಿಯಿತು. ನೆನಪಿನ ಶಕ್ತಿ ಕುಂದಿತು. ಆದರೂ ಕೆಲಸ ಬಿಡಲಿಲ್ಲ. 1874ರ ಫೆಬ್ರವರಿ 17ರಂದು ನಿಧನರಾದರು. ದಪ್ಪ, ತೆಳ್ಳಗೆ ಎಂದು ಯಾರಿಗೂ ತೀರ್ಪು ಕೊಡುವ ಉದ್ದೇಶ ಅವರಿಗಿರಲಿಲ್ಲ. ಅವರು ಹೋಗಿ 98 ವರ್ಷಗಳಾದ ಮೇಲೆ, 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಆ ಸೂತ್ರಕ್ಕೆ ಬಿಎಂಐ ಎಂಬ ಹೆಸರು ಕೊಟ್ಟರು. ಅವರೂ ಅದನ್ನು ಬಳಸಿದ್ದು ಜನರ ಗುಂಪುಗಳನ್ನು ಅಭ್ಯಾಸ ಮಾಡಲು.

ವಾಣಿಜ್ಯ ವಿಭಾಗದ ನಮಗೆ ಇದು ಹೊಸದಲ್ಲ. ಅಂಗಡಿಯ ವರ್ಷದ ಸರಾಸರಿ ವ್ಯಾಪಾರ ನೋಡಿ ಇವತ್ತು ಗಲ್ಲಾದಲ್ಲಿ ಎಷ್ಟಿದೆ ಎಂದು ಹೇಳಲಾಗದು. ತೂಕದ ಯಂತ್ರ ಎಲುಬು, ಮಾಂಸಖಂಡ, ಕೊಬ್ಬು, ನೀರು ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ. ಗೆಳೆಯನ 27ರಲ್ಲಿ ಗರಡಿಯ ದುಡಿಮೆ ಎಷ್ಟು, ಕೊಬ್ಬು ಎಷ್ಟು ಎಂದು ಅದಕ್ಕೆ ತಿಳಿಯದು. ಅದಕ್ಕೆ ಸೊಂಟದ ಸುತ್ತಳತೆಯನ್ನೂ, ಓಟದ ಸಮಯವನ್ನೂ ಜೊತೆಗಿಟ್ಟು ನೋಡಬೇಕು. ಇನ್ನು, 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಎಂಬ ಗೆರೆ ವಯಸ್ಕರದು. ಬೆಳೆಯುವ ವಯಸ್ಸಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೇರೆ ಪಟ್ಟಿ ಮಾಡಿದೆ. ನನ್ನ ವಯಸ್ಸಿನ ಹುಡುಗರಿಗೆ ಅದರಲ್ಲಿ ಕೆಳಗಿನ ಗೆರೆ 17ರ ಹತ್ತಿರ ಇದೆ. ನಾನು ಅದಕ್ಕಿಂತ ಮೇಲಿದ್ದೇನೆ. ಚೀಟಿ ನೋಡಿ ಗಾಬರಿಯಾಗಿದ್ದ ಅಮ್ಮಿಗೂ ಇದನ್ನು ಉರ್ದುವಿನಲ್ಲಿ ತಿಳಿಸಿ ಹೇಳಿದೆ.

ಹಾಗೆಂದು ಚೀಟಿಯನ್ನು ಹರಿದು ಎಸೆಯಬೇಡಿ. ಅಂಕಿ ತೀರ ಕೆಳಗೆ ಅಥವಾ ತೀರ ಮೇಲೆ ಇದ್ದರೆ ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಮುಂದಿನ ಪರೀಕ್ಷೆಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ. ಹೋಲಿಸುವುದಾದರೆ ಪಕ್ಕದವರ ಚೀಟಿಯ ಜೊತೆ ಬೇಡ, ನಿಮ್ಮದೇ ಹಳೆಯ ಚೀಟಿಯ ಜೊತೆ ಇರಲಿ.

ಕೆಟ್ಲೆಯವರ ಕಥೆಯನ್ನು ಗೆಳೆಯನಿಗೆ ಊಟದ ವೇಳೆಯಲ್ಲೇ ಹೇಳಿದೆ. 48 ಇಂಚಿನ ಸೈನಿಕರ ಮಾತು ಬಂದಾಗ ನಕ್ಕ. ಅಂದು ಬುತ್ತಿಯಲ್ಲಿ ರೊಟ್ಟಿ ಉಳಿಯಲಿಲ್ಲ.