ಆಟಗಾರ ಉಪಾಧ್ಯಾಯ ಅಕ್ಟೇವಿಯಸ್ ಕ್ಯಾಟೊ

ನಮ್ಮ ಶಾಲೆಯ ಬಯಲಿನಲ್ಲಿ ಸಂಜೆ ಹೊತ್ತು ಕ್ರಿಕೆಟ್ ಆಡುವ ಹುಡುಗರನ್ನು ಕಂಡಾಗಲೆಲ್ಲ ನಮಗೆ ಅಮೆರಿಕದ ಒಬ್ಬ ಉಪಾಧ್ಯಾಯರ ನೆನಪಾಗುತ್ತದೆ. ಪಾಠದ ಕೋಣೆಯಲ್ಲಿ ಗಣಿತ, ಬಯಲಿನಲ್ಲಿ ಚೆಂಡು, ಊರಿನಲ್ಲಿ ಹಕ್ಕಿನ ಹೋರಾಟ, ಈ ಮೂರನ್ನೂ ಒಂದೇ ಬಾಳಿನಲ್ಲಿ ನಡೆಸಿ ಮೂವತ್ತೆರಡನೆಯ ವಯಸ್ಸಿನಲ್ಲೇ ಪ್ರಾಣ ತೆತ್ತವರು ಅವರು. ಹೆಸರು ಅಕ್ಟೇವಿಯಸ್ ವ್ಯಾಲೆಂಟೈನ್ ಕ್ಯಾಟೊ.

ಕ್ಯಾಟೊ ಜನಿಸಿದ್ದು 1839ರ ಫೆಬ್ರುವರಿ 22ರಂದು, ದಕ್ಷಿಣ ಕೆರೋಲಿನಾದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ. ಆಗ ಅಲ್ಲಿ ಕಪ್ಪು ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ಆದರೆ ತಾಯಿ ಸ್ವತಂತ್ರಳಾಗಿದ್ದರೆ ಮಗುವೂ ಸ್ವತಂತ್ರ ಎಂಬುದು ಅಲ್ಲಿನ ಕಾನೂನು. ಅವರ ತಾಯಿ ಸ್ವತಂತ್ರ ಮನೆತನದವರು. ಹಾಗಾಗಿ ಮಗು ಗುಲಾಮಗಿರಿಯಿಂದ ಪಾರಾಯಿತು. ತಂದೆ ವಿಲಿಯಂ ಕ್ಯಾಟೊ ಕ್ರೈಸ್ತ ಧರ್ಮಬೋಧಕರು. ಕುಟುಂಬವು ಉತ್ತರಕ್ಕೆ ಹೋಗಿ ಫಿಲಡೆಲ್ಫಿಯಾ ನಗರದಲ್ಲಿ ನೆಲೆಸಿತು.

ಆ ನಗರದಲ್ಲಿ ಕ್ವೇಕರ್ ಪಂಥದವರು ಕಪ್ಪು ಮಕ್ಕಳಿಗಾಗಿ ಒಂದು ಉತ್ತಮ ವಿದ್ಯಾಸಂಸ್ಥೆಯನ್ನು ನಡೆಸುತ್ತಿದ್ದರು. 1858ರಲ್ಲಿ ಕ್ಯಾಟೊ ಅಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ವಾಷಿಂಗ್ಟನ್ನಿನಲ್ಲಿ ಒಂದು ವರ್ಷ ಗ್ರೀಕ್ ಮತ್ತು ಲ್ಯಾಟಿನ್ ಕಲಿತು, ಓದಿದ ಶಾಲೆಗೇ ಇಂಗ್ಲಿಷ್ ಮತ್ತು ಗಣಿತದ ಉಪಾಧ್ಯಾಯರಾಗಿ ಮರಳಿದರು. ಕೊನೆಯ ದಿನದವರೆಗೂ ಅದೇ ಅವರ ಕಸುಬು.

1863ರಲ್ಲಿ, ಅಂತರ್ಯುದ್ಧದ ನಡುವೆ, ದಕ್ಷಿಣದ ಸೈನ್ಯ ಪೆನ್ಸಿಲ್ವೇನಿಯಾಕ್ಕೆ ನುಗ್ಗಿತು. ಕ್ಯಾಟೊ ತಮ್ಮ ಶಿಷ್ಯರೂ ಇದ್ದ ಸ್ವಯಂಸೇವಕರ ತಂಡವನ್ನು ಕಟ್ಟಿಕೊಂಡು ರೈಲೇರಿ ಹ್ಯಾರಿಸ್‌ಬರ್ಗ್ ಪಟ್ಟಣಕ್ಕೆ ಹೋದರು. ಅಲ್ಲಿನ ಸೇನಾಧಿಪತಿ ಕಪ್ಪು ಹುಡುಗರು ಬೇಡವೆಂದು ಹಿಂದಕ್ಕೆ ಕಳುಹಿಸಿಬಿಟ್ಟನು. ಕ್ಯಾಟೊ ಮುನಿದು ಮನೆಯಲ್ಲಿ ಕೂರಲಿಲ್ಲ. ಫಿಲಡೆಲ್ಫಿಯಾದ ಹೊರವಲಯದ ಶಿಬಿರದಲ್ಲಿ ಕಪ್ಪು ಸೈನಿಕರ ಹನ್ನೊಂದು ದಳಗಳು ಸಿದ್ಧವಾದವು. ಜನರನ್ನು ಅದಕ್ಕೆ ಸೇರಿಸುವ ಕೆಲಸದಲ್ಲಿ ಅವರು ದುಡಿದರು.

ಆ ಶಿಬಿರಕ್ಕೆ ಗಂಡನನ್ನೋ ಮಗನನ್ನೋ ನೋಡಲು ಹೋಗುವ ಹೆಂಗಸರನ್ನು ನಗರದ ಕುದುರೆ ಟ್ರಾಮಿನಲ್ಲಿ ಹತ್ತಿಸಿಕೊಳ್ಳುತ್ತಿರಲಿಲ್ಲ. ಮಗ ದೇಶಕ್ಕಾಗಿ ಬಂದೂಕು ಹಿಡಿದಿದ್ದಾನೆ, ತಾಯಿ ಮೈಲುಗಟ್ಟಲೆ ನಡೆಯಬೇಕು! ಕ್ಯಾಟೊ ಮತ್ತು ಸಂಗಡಿಗರು ಸಭೆ ಕೂಡಿಸಿದರು, ಮನವಿ ಬರೆದರು, ಶಾಸಕರ ಬೆನ್ನು ಹತ್ತಿದರು. 1867ರ ಮಾರ್ಚ್ 22ರಂದು ಈ ಭೇದವನ್ನು ನಿಷೇಧಿಸುವ ಕಾನೂನು ಬಂತು. ಅವರು ಮದುವೆಯಾಗಬೇಕೆಂದಿದ್ದ ಕ್ಯಾರೊಲಿನ್ ಲೆಕೌಂಟ್ ಎಂಬ ಉಪಾಧ್ಯಾಯಿನಿಯನ್ನು ಕೆಲವೇ ದಿನಗಳಲ್ಲಿ ಒಬ್ಬ ಕಂಡಕ್ಟರು ಹತ್ತಗೊಡಲಿಲ್ಲ. ಆಕೆ ದೂರು ಕೊಡಲು ಹೋದರೆ ಅಂಥ ಕಾನೂನೇ ತಿಳಿದಿಲ್ಲವೆಂಬ ಉತ್ತರ ಬಂತು. ಆಕೆ ಹೋಗಿ ಕಾನೂನಿನ ಪ್ರತಿಯನ್ನೇ ತಂದು ಮುಂದಿಟ್ಟರು. ಕಂಡಕ್ಟರಿಗೆ ನೂರು ಡಾಲರ್ ದಂಡವಾಯಿತು.

ಇನ್ನು ಆಟದ ವಿಷಯ. ಬೇಸ್‌ಬಾಲ್ ಎಂದರೆ ಏನೆಂದು ನಮ್ಮ ಮಕ್ಕಳು ಕೇಳಬಹುದು. ಒಂದೊಂದು ಕಡೆಗೆ ಒಂಬತ್ತು ಜನ. ಎಸೆದ ಚೆಂಡನ್ನು ದುಂಡನೆಯ ದೊಣ್ಣೆಯಿಂದ ಹೊಡೆದು, ಚೌಕದ ನಾಲ್ಕು ಮೂಲೆಗಳನ್ನೂ ಮುಟ್ಟಿ ಬಂದರೆ ಒಂದು ಓಟ. ನಮ್ಮ ಕುಟ್ಟಿದೊಣ್ಣೆಗೂ ಕ್ರಿಕೆಟ್ಟಿಗೂ ದೂರದ ನೆಂಟನೆಂದು ತಿಳಿದರೆ ಸಾಕು. ಆ ಕಾಲದ ಫಿಲಡೆಲ್ಫಿಯಾದಲ್ಲಿ ಕ್ರಿಕೆಟ್ಟೂ ಬಹಳ ಮೆಚ್ಚಿನ ಆಟವಾಗಿತ್ತು. ಕ್ಯಾಟೊ ಅದನ್ನೂ ಆಡಿದವರೇ.

ಯುದ್ಧ ಮುಗಿದ ಮೇಲೆ ಕ್ಯಾಟೊ ಮತ್ತು ಅವರ ಗೆಳೆಯ, ಇನ್ನೊಬ್ಬ ಉಪಾಧ್ಯಾಯ, ಜೇಕಬ್ ವೈಟ್ ಸೇರಿ ಪಿಥಿಯನ್ ಎಂಬ ಕಪ್ಪು ಆಟಗಾರರ ತಂಡವನ್ನು ಕಟ್ಟಿದರು. ಹಣಕ್ಕಾಗಿ ಆಡುವ ತಂಡವಲ್ಲ ಅದು. ಕ್ಯಾಟೊ ನಾಯಕ, ವೈಟ್ ಕಾರ್ಯದರ್ಶಿ. ವಾಷಿಂಗ್ಟನ್, ಆಲ್ಬನಿ ಮುಂತಾದ ಊರುಗಳ ಕಪ್ಪು ತಂಡಗಳೊಡನೆ ಪಂದ್ಯ ನಡೆಯುತ್ತಿತ್ತು. ಆಟದ ನಂತರ ಬಂದ ತಂಡಕ್ಕೆ ಔತಣ. ಗುಲಾಮಗಿರಿಯ ವಿರುದ್ಧ ಹೋರಾಡಿದ ಮಹಾವಾಗ್ಮಿ ಫ್ರೆಡರಿಕ್ ಡಗ್ಲಾಸ್ ಅವರ ಮಗನೇ ವಾಷಿಂಗ್ಟನ್ ತಂಡದಲ್ಲಿ ಆಡಿದ್ದನು. ಊರೂರಿನ ವಿದ್ಯಾವಂತರು ಒಂದೆಡೆ ಕಲೆತು ಮುಂದಿನ ಕೆಲಸವನ್ನು ಮಾತನಾಡಿಕೊಳ್ಳಲು ಈ ಪಂದ್ಯಗಳು ಒಳ್ಳೆಯ ನೆಪವೂ ಆಗಿದ್ದವು. ಸೋಲಿಗಿಂತ ಗೆಲುವೇ ಹೆಚ್ಚು. 1868ರಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ.

ಆದರೆ ಗೆದ್ದರೆ ಸಾಕೆ? 1867ರ ಅಕ್ಟೋಬರಿನಲ್ಲಿ ಹ್ಯಾರಿಸ್‌ಬರ್ಗ್‌ನಲ್ಲಿ ರಾಜ್ಯದ ಬೇಸ್‌ಬಾಲ್ ಸಂಘ ಸೇರಿದಾಗ ಪಿಥಿಯನ್ನರೂ ಸದಸ್ಯತ್ವ ಕೇಳಿದರು. ನಾಲ್ಕು ವರ್ಷಗಳ ಹಿಂದೆ ಕ್ಯಾಟೊ ಅವರನ್ನು ಹಿಂದಕ್ಕೆ ಕಳುಹಿಸಿದ ಊರೇ ಅದು. ಪ್ರತಿನಿಧಿಯಾಗಿ ಹೋದವರು ರೇಮಂಡ್ ಬರ್. ಒಬ್ಬೊಬ್ಬರಾಗಿ ಮಾತನಾಡಿಸಿದಾಗ ಹಲವರು ಸೌಜನ್ಯದಿಂದಲೇ ಇದ್ದರು. ಮತಕ್ಕೆ ಹಾಕಿದರೆ ಮಾತ್ರ ಸೋಲು ಖಂಡಿತ, ಅರ್ಜಿಯನ್ನು ಹಿಂತೆಗೆದುಕೊಳ್ಳಿ ಎಂದು ಬುದ್ಧಿ ಹೇಳಿದರು. ಬರ್ ಕೊನೆಗೆ ಹಿಂತೆಗೆದುಕೊಳ್ಳಬೇಕಾಯಿತು. ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಸಂಘವು ಕಪ್ಪು ಆಟಗಾರ ಒಬ್ಬನಿದ್ದರೂ ಆ ತಂಡವನ್ನು ಸೇರಿಸಬಾರದೆಂದು ತೀರ್ಮಾನಿಸಿತು. ನಗುತ್ತ ಮಾತನಾಡಿ ಬಾಗಿಲು ಹಾಕುವ ಈ ಬಗೆ ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆಂದು ನಮಗೆ ತೋರುತ್ತದೆ.

ಸಂಘ ಬೇಡವೆಂದರೂ ಬಯಲಿತ್ತು. 1869ರ ಸೆಪ್ಟೆಂಬರ್ 3ರಂದು ಪಿಥಿಯನ್ನರು ಅಮೆರಿಕದ ಅತಿ ಹಳೆಯ ಕ್ಲಬ್ಬುಗಳಲ್ಲೊಂದಾದ ಒಲಿಂಪಿಕ್ ಎಂಬ ಬಿಳಿಯರ ತಂಡದೊಡನೆ ಫಿಲಡೆಲ್ಫಿಯಾದಲ್ಲಿ ಆಡಿದರು. ಅಂಪೈರ್ ಆಗಿ ನಿಂತವರು ಪತ್ರಿಕಾ ಸಂಪಾದಕ ಥಾಮಸ್ ಫಿಟ್ಸ್‌ಜೆರಾಲ್ಡ್. ಕಪ್ಪು ಮತ್ತು ಬಿಳಿಯ ತಂಡಗಳ ನಡುವೆ ನಡೆದುದಾಗಿ ದಾಖಲೆಯಾದ ಮೊದಲ ಪಂದ್ಯಗಳಲ್ಲಿ ಇದು ಮುಖ್ಯವಾದುದು. ಒಲಿಂಪಿಕ್ 44, ಪಿಥಿಯನ್ 23. ಸೋತರು, ನಿಜ. ಮುಂದಿನ ತಿಂಗಳು ಅದೇ ಫಿಟ್ಸ್‌ಜೆರಾಲ್ಡರ ಪತ್ರಿಕೆಯ ತಂಡವನ್ನು 27ಕ್ಕೆ 17ರಿಂದ ಸೋಲಿಸಿದರು.

1870ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿಯಿಂದ ಕಪ್ಪು ಗಂಡಸರಿಗೆ ಮತದಾನದ ಹಕ್ಕು ಬಂತು. ಅದಕ್ಕಾಗಿ ಕ್ಯಾಟೊ ಊರೂರು ತಿರುಗಿ ದುಡಿದಿದ್ದರು. 1871ರ ಅಕ್ಟೋಬರ್ 10ರಂದು ಫಿಲಡೆಲ್ಫಿಯಾದಲ್ಲಿ ಚುನಾವಣೆ. ಕಪ್ಪು ಮತದಾರರನ್ನು ಓಡಿಸಲು ಪುಂಡರು ಬೆಳಗಿನಿಂದಲೇ ಬೀದಿಗಿಳಿದಿದ್ದರು. ಗಲಭೆಯ ಸುದ್ದಿ ಬಂದು ಶಾಲೆಯನ್ನು ಬೇಗ ಬಿಟ್ಟರು. ಮಕ್ಕಳು ಮನೆಗೆ ಹೋದರು. ಕ್ಯಾಟೊ ಸೌತ್ ಸ್ಟ್ರೀಟಿನ ತಮ್ಮ ಮನೆಯ ಹತ್ತಿರ ಬಂದಿದ್ದಾಗ ಫ್ರಾಂಕ್ ಕೆಲ್ಲಿ ಎಂಬವನು ಗುಂಡು ಹಾರಿಸಿದನು. ನಿಂತಿದ್ದ ಟ್ರಾಮಿನ ಮರೆಗೆ ಹೋದರೂ ಬಿಡಲಿಲ್ಲ. ಜನ ನೋಡುತ್ತಿದ್ದಂತೆಯೇ ಉಪಾಧ್ಯಾಯರು ಬೀದಿಯಲ್ಲಿ ಬಿದ್ದು ಪ್ರಾಣ ಬಿಟ್ಟರು.

ಅಂತ್ಯಯಾತ್ರೆಗೆ ಸಾವಿರಾರು ಜನ ಸೇರಿದರು. ಕೊಂದವನು ತಪ್ಪಿಸಿಕೊಂಡು ಆರು ವರ್ಷ ಕಳೆದ ಮೇಲೆ ಷಿಕಾಗೋದಲ್ಲಿ ಸಿಕ್ಕಿದನು. ಕಣ್ಣಾರೆ ಕಂಡವರು ಸಾಕ್ಷಿ ಹೇಳಿದರು. ಆದರೂ ನ್ಯಾಯಾಲಯ ಅವನನ್ನು ಬಿಟ್ಟಿತು.

ನಾಯಕನಿಲ್ಲದ ಪಿಥಿಯನ್ ತಂಡ ಚೆದುರಿಹೋಯಿತು. ಕ್ಯಾರೊಲಿನ್ ಲೆಕೌಂಟ್ ಮದುವೆಯಾಗಲಿಲ್ಲ; ಕ್ಯಾಟೊ ಅವರ ಹೆಸರಿಟ್ಟ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ಮಕ್ಕಳಿಗೆ ಕಲಿಸಿದರು. ದೊಡ್ಡ ಲೀಗಿನ ಬೇಸ್‌ಬಾಲ್ ತನ್ನ ಬಾಗಿಲನ್ನು ಜ್ಯಾಕಿ ರಾಬಿನ್ಸನ್ ಅವರಿಗೆ ತೆರೆದದ್ದು 1947ರಲ್ಲಿ. ಕ್ಯಾಟೊ ಅವರ ಪ್ರತಿಮೆ ಫಿಲಡೆಲ್ಫಿಯಾದ ನಗರಸಭಾ ಭವನದ ಬಳಿ ನಿಂತದ್ದು 2017ರ ಸೆಪ್ಟೆಂಬರ್ 26ರಂದು, ಅವರು ತೀರಿಕೊಂಡು 146 ವರ್ಷಗಳಾಗುತ್ತ ಬಂದಾಗ. ಗೆಳೆಯ ಜೇಕಬ್ ವೈಟ್ ಜೋಪಾನ ಮಾಡಿದ್ದ ತಂಡದ ಪತ್ರಗಳು, ಲೆಕ್ಕದ ಚೀಟಿಗಳು, ಓಟಗಳನ್ನು ಗುರುತಿಸಿದ ಹಾಳೆಗಳು ಅದೇ ನಗರದ ಇತಿಹಾಸ ಸಂಘದಲ್ಲಿ ಉಳಿದುಕೊಂಡಿವೆ.